ದಾರಿಯ ಲೆಕ್ಕ, ದೇಹದ ಲೆಕ್ಕ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದು ಪುಣೆಯ ಕನ್ನಡಿಗರ ಮನೆಗಳಲ್ಲಿ ಇಂದು ಸಾಮಾನ್ಯ ಸಂಗತಿ. ಅವರನ್ನು ಕಾಣಲು ಹೊರಡುವ ವೃದ್ಧ ತಂದೆತಾಯಿಗಳು ಟಿಕೆಟಿನ ದರವನ್ನು ಹತ್ತು ಕಡೆ ವಿಚಾರಿಸುತ್ತಾರೆ. ಪ್ರಯಾಣದ ತಾಸುಗಳನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಆದರೆ ದೇಹವು ಲೆಕ್ಕವಿಡುವುದು ತಾಸುಗಳನ್ನೇ.

ಎರಡು ವಿಮಾನ ನಿಲ್ದಾಣಗಳ ನಡುವಣ ಅತಿ ಹತ್ತಿರದ ದಾರಿಯನ್ನು ಗೋಡೆಯ ನಕಾಶೆಯ ಮೇಲಲ್ಲ, ಭೂಗೋಲದ ಮೇಲೆ ದಾರವಿಟ್ಟು ಅಳೆಯಬೇಕು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ನಡುವೆ ನಕಾಶೆಯಲ್ಲಿ ಗೆರೆ ಎಳೆದರೆ ದಾರಿ 16,000 ಕಿ.ಮೀ. ಮೀರುತ್ತದೆ, ಗೋಲದ ಮೇಲೆ ಅದು ಸುಮಾರು 14,000 ಕಿ.ಮೀ. ಮಾತ್ರ. ವಿಮಾನದ ವೇಗ ತಾಸಿಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದೂವರೆ ತಾಸು ಸಾಕು.

ವಾಸ್ತವದಲ್ಲಿ ಹಾಗಾಗುವುದಿಲ್ಲ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಹಾದು, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಚಾಲಕರು. ಪ್ರಯಾಣಕ್ಕೆ ಹಿಡಿದದ್ದು 17 ತಾಸುಗಳಿಗೂ ಹೆಚ್ಚು. ದಿನಾಂಕ ಎರಡು ಮುಂದೆ ಹೋದುದಕ್ಕೆ ಕಾರಣ, ಚಳಿಗಾಲದಲ್ಲಿ ಅಲ್ಲಿಗಿಂತ ನಮ್ಮ ಗಡಿಯಾರ ಹದಿಮೂರೂವರೆ ತಾಸು ಮುಂದಿರುವುದು. ಏರುವ ಇಳಿಯುವ ವೇಳೆ, ಸುತ್ತುದಾರಿ, ಗಾಳಿ ಇವೆಲ್ಲ ಸೇರಿ ಪ್ರಯಾಣದ ಅವಧಿಯನ್ನು ನಿರ್ಧರಿಸುತ್ತವೆ. ಮೇಲ್ಮಟ್ಟದ ಪ್ರಬಲ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದಲೇ ಮುಂಬಯಿಯಿಂದ ಲಂಡನ್ನಿಗೆ ಹೋಗುವ ಕಾಲಕ್ಕಿಂತ ಮರಳುವ ಕಾಲ ಸಾಮಾನ್ಯವಾಗಿ ಕಡಿಮೆ.

ಪುಣೆಯವರ ಲೆಕ್ಕ ಇನ್ನೂ ದೊಡ್ಡದು. ಲೋಹಗಾಂವದಿಂದ ಅಮೆರಿಕಕ್ಕೆ ನೇರ ವಿಮಾನವಿಲ್ಲ. ಮುಂಬಯಿಗೆ ರಸ್ತೆಯಲ್ಲಿ ನಾಲ್ಕು ತಾಸು, ನಿಲ್ದಾಣದಲ್ಲಿ ಮೂರು ತಾಸು, ವಿಮಾನದಲ್ಲಿ ಹದಿನಾರು: ಹೆಚ್ಚುಕಡಿಮೆ ಒಂದು ಪೂರ್ಣ ದಿನ, ಬಹುಪಾಲು ಕುಳಿತೇ.

ಅಪಾಯವಿರುವುದು ಇಲ್ಲಿಯೇ. ಮೀನಖಂಡದ ಸ್ನಾಯುಗಳು ಚಲಿಸದಿದ್ದರೆ ಕಾಲಿನ ರಕ್ತ ಮೇಲೇರುವುದು ನಿಧಾನವಾಗಿ, ಹೆಪ್ಪುಗಟ್ಟುವ ಸಂಭವವಿದೆ. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಕುತ್ತು. ನಾಲ್ಕು ತಾಸಿಗೆ ಮೀರಿದ ಪ್ರಯಾಣದಿಂದ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆದರೂ ಅದು ತಗಲುವುದು ಆರು ಸಾವಿರಕ್ಕೊಬ್ಬರಿಗೆ. ಆದ್ದರಿಂದ ಭಯ ಬೇಡ, ಎಚ್ಚರ ಬೇಕು.

ತಾಸಿಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಇದಕ್ಕೆ ಅಂಚಿನ ಆಸನ ಅನುಕೂಲ. ವಿಮಾನದೊಳಗಿನ ಗಾಳಿ ಬಹಳ ಒಣಗಿರುವುದರಿಂದ, ಶೌಚಕ್ಕೆ ಏಳಬೇಕಾದೀತೆಂದು ನೀರು ಬಿಡಬಾರದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹೃದ್ರೋಗಿಗಳು, ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಟಿಕೆಟಿಗೆ ಮೊದಲೇ ವೈದ್ಯರನ್ನು ಕಾಣತಕ್ಕದ್ದು. ಬಿಗಿ ಕಾಲುಚೀಲ ಬೇಕೇ, ಗಡಿಯಾರ ಬದಲಾದಾಗ ಔಷಧದ ವೇಳೆ ಹೇಗೆ ಎಂಬುದನ್ನು ಅವರಿಂದಲೇ ತಿಳಿಯಬೇಕು. ತಾವಾಗಿ ಆಸ್ಪಿರಿನ್ ನುಂಗುವುದು ಸಲ್ಲದು. ಔಷಧಿಗಳು ಕೈಚೀಲದಲ್ಲಿಯೇ ಇರಲಿ.

ತಲುಪಿದ ಮೇಲೂ, ಕೆಲವು ವಾರಗಳವರೆಗೆ, ಒಂದೇ ಕಾಲು ಊದಿ ನೋಯತೊಡಗಿದರೆ ಅದನ್ನು ಪ್ರಯಾಣದ ಆಯಾಸವೆಂದು ಕಡೆಗಣಿಸದೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ ಅಥವಾ ಎದೆ ನೊಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳೂ ಇದನ್ನು ಅರಿತಿರುವುದು ಒಳ್ಳೆಯದು.