ಗೊರಗುಂಟೆಪಾಳ್ಯ: ಕಟ್ಟದೆ ಹುಟ್ಟಿದ ನಿಲ್ದಾಣ

ಹಬ್ಬದ ಹಿಂದಿನ ಸಂಜೆ ಗೊರಗುಂಟೆಪಾಳ್ಯದ ಜಂಕ್ಷನ್‌ನಲ್ಲಿ ಅರ್ಧ ಗಂಟೆ ನಿಂತರೆ, ಬೆಂಗಳೂರಿನಲ್ಲಿ ಎಷ್ಟು ಊರುಗಳ ಜನ ನೆಲೆಸಿದ್ದಾರೆಂದು ತಿಳಿಯಲು ಜನಗಣತಿಯ ವರದಿ ಬೇಕಾಗುವುದಿಲ್ಲ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಹಾಸನ, ಮಂಗಳೂರು, ಹೀಗೆ ಯಾವ ಫಲಕ ಹೊತ್ತ ಬಸ್ಸು ಬಂದರೂ ಚೀಲ ಹಿಡಿದ ಹತ್ತಾರು ಕೈಗಳು ಮೇಲೇಳುತ್ತವೆ. ಆದರೆ ಇದು ನಿಲ್ದಾಣವೆಂದು ಯಾರೂ ಕಟ್ಟಿದ ಜಾಗವಲ್ಲ.

ಹೆಸರಿನಿಂದಲೇ ಆರಂಭಿಸಬಹುದು. ಕೆರೆಗಿಂತ ಚಿಕ್ಕದಾದ ನೀರಿನ ಗುಂಡಿಗೆ ನಮ್ಮ ಸೀಮೆಯಲ್ಲಿ ಕುಂಟೆ ಎನ್ನುವುದುಂಟು. ಶಾಲೆಯಲ್ಲಿ ಕಲಿತ ಆದೇಶಸಂಧಿಯನ್ನು ಮರೆಯದವರಿಗೆ ‘ಗುಂಟೆ’ಯೊಳಗೆ ಆ ಕುಂಟೆ ಕಾಣುತ್ತದೆಂದೇ ನನಗೆ ತೋರುತ್ತದೆ. ಪಾಳ್ಯವೆಂದರೆ ಮೂಲತಃ ದಂಡಿನ ಬೀಡು. ಬರಬರುತ್ತಾ ಸಣ್ಣ ಜನವಸತಿಗೂ ಅದೇ ಹೆಸರು ನಿಂತಿತು. ಈಗ ಅಲ್ಲಿ ದಂಡೂ ಇಲ್ಲ, ಕಣ್ಣಿಗೆ ಬೀಳುವ ಕುಂಟೆಯೂ ಇಲ್ಲ.

ಈ ವೃತ್ತಕ್ಕೆ ಇನ್ನೊಂದು ಹೆಸರೂ ಇದೆ, ಸಿಎಂಟಿಐ ಜಂಕ್ಷನ್. 1962ರಲ್ಲಿ ಕೇಂದ್ರ ಸರ್ಕಾರವು ತುಮಕೂರು ರಸ್ತೆಯಲ್ಲಿ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿತು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲೂ, ಬಿಇಎಲ್ 1954ರಲ್ಲೂ ಬಂದಿದ್ದವು. ಹಾಗಾಗಿ ಯಂತ್ರೋಪಕರಣಗಳ ಸಂಶೋಧನೆಗೆ ಇದಕ್ಕಿಂತ ಸೂಕ್ತವಾದ ನೆರೆಹೊರೆ ಇರಲಿಲ್ಲ. ಮುಂದೆ ಸಂಸ್ಥೆ ‘ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್’ ಆಯಿತು. ಸ್ವಾರಸ್ಯವೆಂದರೆ, ಹೆಸರು ಬದಲಾದರೂ ನಾಲ್ಕು ಅಕ್ಷರಗಳು ಬದಲಾಗಲಿಲ್ಲ! ಮೆಟ್ರೊದ ಮೊದಲಿನ ನಕ್ಷೆಗಳಲ್ಲಿ ಇಲ್ಲಿನ ನಿಲ್ದಾಣಕ್ಕೆ ‘ಯಶವಂತಪುರ ಇಂಡಸ್ಟ್ರಿ’ ಎಂದು ಬರೆದಿದ್ದರು. 2014ರ ಮಾರ್ಚ್ 1ರಂದು ಈ ಮಾರ್ಗ ತೆರೆಯಿತು. ಕೊನೆಗೆ ಫಲಕದ ಮೇಲೆ ನೆಲೆಸಿದ್ದು ಹಳ್ಳಿಯ ಹೆಸರೇ.

ರಸ್ತೆಯ ಸಂಖ್ಯೆಯದೂ ಒಂದು ಕಥೆ. ಪುಣೆಯತ್ತ ಸಾಗುವ ಈ ಹೆದ್ದಾರಿ ದಶಕಗಳ ಕಾಲ ನಾಲ್ಕನೆಯದಾಗಿತ್ತು. ನೆಲಮಂಗಲದಲ್ಲಿ ಕವಲೊಡೆದು ಮಂಗಳೂರಿಗೆ ಹೋಗುವುದು ನಲವತ್ತೆಂಟನೆಯದು. 2010ರ ಮರುಸಂಖ್ಯೆಯಲ್ಲಿ ನಾಲ್ಕು ಹೋಗಿ ಪುಣೆ ರಸ್ತೆಯೇ ನಲವತ್ತೆಂಟಾಯಿತು, ಮಂಗಳೂರಿನದು ಎಪ್ಪತ್ತೈದಾಯಿತು. ಹಳೆಯ ಕಡತಗಳನ್ನು ಓದುವವರು ಎಡವುವುದು ಇಲ್ಲಿಯೇ.

ಎಂಬತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಸೇವೆಯಲ್ಲಿದ್ದಾಗ ನಾನು ಈ ದಾರಿಯಲ್ಲಿ ಎಷ್ಟೋ ಬಾರಿ ಓಡಾಡಿದ್ದೇನೆ. ಬಸ್ಸು ಮೆಜೆಸ್ಟಿಕ್‌ನಲ್ಲಿ ಹತ್ತಿಸಿಕೊಂಡರೆ ಯಶವಂತಪುರ ದಾಟಿ ಓಡುತ್ತಿತ್ತು. ಗೊರಗುಂಟೆಪಾಳ್ಯದಲ್ಲಿ ಇಳಿದವರ ನೆನಪು ನನಗಿಲ್ಲ. ಚಿತ್ರ ಬದಲಾದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಹೊರವರ್ತುಲ ರಸ್ತೆಯಿಂದ. ತೊಂಬತ್ತರ ದಶಕದ ಉತ್ತರಾರ್ಧದಿಂದ 2002ರ ಸುಮಾರಿನವರೆಗೆ ಹಂತಹಂತವಾಗಿ ರೂಪುಗೊಂಡ ಆ ರಸ್ತೆ ಹೆದ್ದಾರಿಯನ್ನು ಸಂಧಿಸಿದ್ದು ಇಲ್ಲಿ. ಸರಕನ್ನು ಒಂದು ವಾಹನದಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಎಡೆಯಲ್ಲಿ ಪೇಟೆ ಹುಟ್ಟುತ್ತದೆಂದು ಅರ್ಥಶಾಸ್ತ್ರದಲ್ಲಿ ಓದಿದ್ದೆವು. ಇಲ್ಲಿ ಇಳಿದು ಏರಿದ್ದು ಮನುಷ್ಯರು. ಹೆಬ್ಬಾಳದ ಕಡೆಯವರಿಗೂ ನಾಯಂಡಹಳ್ಳಿಯ ಕಡೆಯವರಿಗೂ ಊರಿನ ಬಸ್ಸು ಹಿಡಿಯಲು ಮೆಜೆಸ್ಟಿಕ್‌ಗೆ ಹೋಗುವ ಅಗತ್ಯ ತಪ್ಪಿತು. ಅದೇ ವರ್ತುಲ ರಸ್ತೆಯಲ್ಲಿ ತುಸು ದಕ್ಷಿಣಕ್ಕೆ ಕಂಠೀರವ ಸ್ಟುಡಿಯೊ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರನ್ನೂ, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರನ್ನೂ ಮಣ್ಣು ಮಾಡಿದ್ದು ಅಲ್ಲಿಯೇ.

2010ರಲ್ಲಿ ಇಲ್ಲಿಂದ ಪೀಣ್ಯದ ಮೇಲೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಮೇಲ್ಸೇತುವೆ ತೆರೆಯಿತು. ಹನ್ನೊಂದೇ ವರ್ಷಕ್ಕೆ, 2021ರ ಡಿಸೆಂಬರ್‌ನಲ್ಲಿ, ಒಳಗಿನ ಕೇಬಲ್‌ಗಳು ಶಿಥಿಲಗೊಂಡದ್ದು ಗೊತ್ತಾಗಿ ಸಂಚಾರ ನಿಂತಿತು. ಎರಡು ತಿಂಗಳ ಬಳಿಕ ಲಘು ವಾಹನಗಳಿಗೆ ಅನುಮತಿ ಸಿಕ್ಕಿತು. ಬಸ್ಸು, ಲಾರಿಗಳಿಗೆ ಸಿಕ್ಕಿದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ಆ ಭಾರವನ್ನೆಲ್ಲ ಹೊತ್ತದ್ದು ಕೆಳಗಿನ ರಸ್ತೆ.

ಪ್ರಯಾಣಿಕರಿಗಾಗಿ ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. ಸಮೀಪದ ಪೀಣ್ಯದಲ್ಲಿ ಸುಮಾರು 40 ಕೋಟಿ ರೂಪಾಯಿ ವೆಚ್ಚದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿತು. 2014ರಲ್ಲಿ ಅದು ಆರಂಭವಾಯಿತು. ಉತ್ತರದ ಜಿಲ್ಲೆಗಳ ಬಸ್ಸುಗಳನ್ನು ಅಲ್ಲಿಂದ ಬಿಡಲಾಯಿತು. ಆದರೆ ಮೆಟ್ರೊ ಇಳಿದವರು ಲಗೇಜು ಹೊತ್ತು ಅಲ್ಲಿಗೆ ತಲುಪುವುದೇ ಒಂದು ಪ್ರಯಾಣ. ಜನ ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು, ಕಟ್ಟಡ ಬಹುಮಟ್ಟಿಗೆ ಖಾಲಿ ಉಳಿಯಿತು. ಆಡಳಿತದಲ್ಲಿದ್ದವನಾಗಿ ಹೇಳುವುದಾದರೆ, ಜಾಗ ಸಿಕ್ಕ ಕಡೆ ಕಟ್ಟುವುದು ನಮ್ಮ ಹಳೆಯ ಅಭ್ಯಾಸ. ಜನ ನಿಂತ ಕಡೆಗೆ ಹೋಗಿ ನೋಡುವುದು ಕಡಿಮೆ. ಗೊರಗುಂಟೆಪಾಳ್ಯದಲ್ಲಿ ಅವರಿಗೆ ಬೇಕಿರುವುದು ಕೂರಲು ಕಲ್ಲುಬೆಂಚು, ಒಂದಿಷ್ಟು ನೆರಳು, ಶುಚಿಯಾದ ಶೌಚಾಲಯ, ಬಸ್ಸು ಪಕ್ಕಕ್ಕೆ ಸರಿದು ನಿಲ್ಲುವಷ್ಟು ಅಗಲ.