ಕೂಗಿ ಕರೆಯುವ ಬೇಟೆ

ಮಕರ ಮಾಸ ಮುಗಿಯುವ ಹೊತ್ತಿಗೆ ತುಳುನಾಡಿನಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಬೇಟೆಗೆ ಮಾತ್ರ ಅಡ್ಡಿಯಿರಲಿಲ್ಲ. ಊರ ಗಂಡಸರು ನಾಯಿಗಳನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ಅದೇ ಕೆಡ್ಡಸದ ಬೋಂಟೆ. ಬೊಬ್ಬೆ ಹಾಕಿ ಹಂದಿಯನ್ನು ಪೊದೆಯಿಂದ ಎಬ್ಬಿಸಿ, ಆಯುಧ ಹಿಡಿದು ಕಾದವರ ಕಡೆಗೆ ಅಟ್ಟುವುದು ಅದರ ಕ್ರಮ. ತುಳು ವೀರರಾದ ಕೋಟಿ ಚೆನ್ನಯರ ಕತೆ ಹಾಡುವ ಪಾಡ್ದನದಲ್ಲೂ ಪಂಜ–ಎಣ್ಮೂರು ಸೀಮೆಗಳ ನಡುವೆ ಜಗಳ ಹೊತ್ತಿದ್ದು ಬೇಟೆಯ ಹಂದಿಯೊಂದರಿಂದಲೇ. ತುಳುನಾಡಿನ ಮೆಲ್ಕಾರಿನ ಆಸುಪಾಸಿನ ಹಿರಿಯರಿಗೆ ಬೇಟೆ ಎಂದರೆ ನೆನಪಾಗುವುದು ಈ ಗದ್ದಲವೇ.

ಗದ್ದಲವಿಲ್ಲದ ಬೇಟೆಯೂ ಒಂದಿದೆ. ಅಲ್ಲಿ ಪ್ರಾಣಿಯನ್ನು ಅಟ್ಟುವುದಿಲ್ಲ, ಅದರದೇ ದನಿಯಲ್ಲಿ ಕರೆದು ಬರಿಸುತ್ತಾರೆ.

ಕೆನಡಾದ ಮಿಕ್ಮಾಕ್ ಮೂಲನಿವಾಸಿಗಳು ಮೂಸ್ ಎಂಬ ದೈತ್ಯ ಜಿಂಕೆಯನ್ನು ಹೀಗೆ ಕರೆಯುತ್ತಾರೆ. ಗಂಡು ಮೂಸ್ 500 ಕಿಲೋ ದಾಟುವ ಪ್ರಾಣಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಅದಕ್ಕೆ ಬೆದೆಯ ಕಾಲ. ಬರ್ಚ್ ಮರದ ತೊಗಟೆಯನ್ನು ಸುರುಳಿ ಸುತ್ತಿದ ತುತ್ತೂರಿಗೆ ಬಾಯಿಟ್ಟು, ಬೇಟೆಗಾರ ಹೆಣ್ಣು ಮೂಸಿನ ಹಾಗೆ ದೀರ್ಘವಾಗಿ ನರಳುತ್ತಾನೆ. ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತಾನೆ. ಮತ್ತೆ ಮತ್ತೆ ಕೂಗಿದರೆ ಕೆಟ್ಟಿತು, ಗಂಡಿಗೆ ಅನುಮಾನ ಬರುತ್ತದೆ. ಅದು ಹತ್ತಿರವಾದಂತೆ ದನಿ ಮೆತ್ತಗಾಗಬೇಕು. ಒಣ ಮೂಳೆಯನ್ನು ಪೊದೆಗೆ ಉಜ್ಜಿದರೆ ಇನ್ನೊಂದು ಗಂಡು ಕೊಂಬು ತಿಕ್ಕುತ್ತಿರುವಂತೆ ಕೇಳುತ್ತದೆ. ತುತ್ತೂರಿಯಲ್ಲಿ ಕೆರೆನೀರು ತುಂಬಿ ಸಣ್ಣ ಧಾರೆಯಾಗಿ ಸುರಿದರೆ, ನೀರಲ್ಲಿ ನಿಂತ ಹೆಣ್ಣು ಉಚ್ಚೆ ಹೊಯ್ದ ಸದ್ದು! ಇಷ್ಟೆಲ್ಲ ಮಾಡಿದರೂ ಗಂಡು ನೇರವಾಗಿ ಬರುವುದಿಲ್ಲ. ಸುತ್ತು ಹಾಕಿ, ಗಾಳಿ ಬೀಸುವ ಕಡೆಗೆ ಬಂದು ಮೂಸಿ ನೋಡುತ್ತದೆ. ಮನುಷ್ಯನ ವಾಸನೆ ಮೂಗಿಗೆ ಬಡಿದರೆ ಅಲ್ಲಿಗೆ ಮುಗಿಯಿತು.

ನಮ್ಮ ರಾಜ್ಯದಲ್ಲಿ ಈ ವಿದ್ಯೆಯನ್ನು ಬದುಕಾಗಿಸಿಕೊಂಡಿದ್ದವರು ಹಕ್ಕಿಪಿಕ್ಕಿ ಬುಡಕಟ್ಟಿನವರು. ಗೌಜಲಹಕ್ಕಿಯ ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡು ಕಾಲಿಟ್ಟರೆ ಸಹಿಸದು. ಪಳಗಿಸಿದ ಗಂಡೊಂದನ್ನು ಪಂಜರದಲ್ಲಿಟ್ಟು, ಸುತ್ತ ಉರುಲು ಹರಡಿ, ಬೇಟೆಗಾರ ಮರೆಯಲ್ಲಿ ಕೂರುತ್ತಿದ್ದ. ಪಂಜರದ ಹಕ್ಕಿ ಕೂಗುತ್ತಿತ್ತು. ಜಾಗದ ಒಡೆಯನಾದ ಹಕ್ಕಿ ಕಾಳಗಕ್ಕೆ ಓಡಿಬಂದು ಕಾಲು ಸಿಕ್ಕಿಸಿಕೊಳ್ಳುತ್ತಿತ್ತು. ಹಕ್ಕಿ ಕೂಗದಿದ್ದರೆ ಮನುಷ್ಯನ ಗಂಟಲೇ ಆ ಕೆಲಸ ಮಾಡುತ್ತಿತ್ತು. ಯಾವ ಹಕ್ಕಿ ಯಾವ ಹೊತ್ತಿಗೆ, ಯಾಕೆ ಕೂಗುತ್ತದೆ ಎಂಬುದನ್ನು ಬಾಲ್ಯದಿಂದ ಕೇಳಿ ಕೇಳಿ ಕಲಿತ ಗಂಟಲು ಅದು. ಇದನ್ನು ಶಾಸ್ತ್ರಜ್ಞಾನ ಎನ್ನಲು ನನಗೆ ಸಂಕೋಚವಿಲ್ಲ.

ಹುಲಿಯನ್ನೂ ಹೀಗೆ ಕರೆದವರಿದ್ದಾರೆ. 1938ರ ನವೆಂಬರ್ 30ರ ಸಂಜೆ, ಕುಮಾವೂನಿನ ಥಾಕ್ ಎಂಬಲ್ಲಿ ಜಿಮ್ ಕಾರ್ಬೆಟ್ ಗಂಡು ಹುಲಿಯಂತೆ ಕೂಗಿ ನರಭಕ್ಷಕ ಹೆಣ್ಣು ಹುಲಿಯನ್ನು ತನ್ನತ್ತ ಕರೆಸಿಕೊಂಡು ಹೊಡೆದರು. ಅದು ಅವರು ಬೇಟೆಯಾಡಿದ ಕೊನೆಯ ನರಭಕ್ಷಕ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೆಡ್ಡಸದ ಬೋಂಟೆಗೂ ಗೌಜಲಹಕ್ಕಿಯ ಉರುಲಿಗೂ ತೆರೆ ಎಳೆಯಿತು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲೊಡ್ಡುವುದು, ಆಮಿಷ ತೋರಿಸುವುದು ಎಲ್ಲವೂ ಅದರ ಪ್ರಕಾರ ಬೇಟೆಯೇ. ಕಾಯಿದೆ ಸರಿಯಾಗಿಯೇ ಇದೆ. ಆದರೆ ಕಸುಬು ಕಳೆದುಕೊಂಡ ಹಕ್ಕಿಪಿಕ್ಕಿಗಳು ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ ಮಾರಲು ದೇಶವಿದೇಶ ಸುತ್ತಬೇಕಾಯಿತು. 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಅವರೂ ಇದ್ದರು. ಕಾಡಿನ ದನಿಯನ್ನು ಅಷ್ಟು ಚೆನ್ನಾಗಿ ಬಲ್ಲ ಕಿವಿಗಳನ್ನು ಹಕ್ಕಿ ಗಣತಿಗೆ, ಮಕ್ಕಳ ಪ್ರಕೃತಿ ಶಿಬಿರಗಳಿಗೆ ನಾವು ಕರೆಯಬೇಕಿತ್ತು. ಈಗಲೂ ಕರೆಯಬಹುದು.

ಕರೆಯುವ ಬೇಟೆ ಇಂದು ಇನ್ನೊಂದು ರೂಪದಲ್ಲಿ ನಮ್ಮ ನಡುವೆಯೇ ಇದೆ. ಫೋಟೋದ ಆಸೆಗೆ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕುವ ಅಭ್ಯಾಸ ಅದು. ಎದುರಾಳಿ ಬಂದನೆಂದು ಗಂಡು ಹಕ್ಕಿ ಮೇವು, ಗೂಡು ಎಲ್ಲವನ್ನೂ ಬಿಟ್ಟು ಹಾರಿಬರುತ್ತದೆ. ಇಲ್ಲದ ಶತ್ರುವಿನ ಜೊತೆ ಕಾದಾಡಿ ಬಳಲುತ್ತದೆ. ಮೆಲ್ಕಾರಿನ ಬಳಿಯ ನರಹರಿ ಪರ್ವತದ ಮೆಟ್ಟಿಲ ಬದಿಯಲ್ಲಾಗಲಿ ನೇತ್ರಾವತಿಯ ದಂಡೆಯಲ್ಲಾಗಲಿ ಕ್ಯಾಮೆರಾ ಹಿಡಿದು ನಿಲ್ಲುವ ಗೆಳೆಯರೇ, ಗೂಡು ಕಟ್ಟುವ ಕಾಲದಲ್ಲಂತೂ ದಯವಿಟ್ಟು ಆ ಕೂಗು ಹಾಕಬೇಡಿ.