ಎಳವೆಯಿಂದ ಇಳಿವಯಸ್ಸಿನವರೆಗೆ ಟೆನಿಸ್

ಆರು ವರ್ಷದ ಮಗುವೂ ತೊಂಬತ್ತು ದಾಟಿದ ಹಿರಿಯರೂ ಆಡುವ ಚೆಂಡಾಟಗಳು ಬಹಳವಿಲ್ಲ. ಟೆನಿಸ್ ಅಂಥ ಅಪರೂಪದ ಆಟ. 1874ರಲ್ಲಿ ಬ್ರಿಟನ್ನಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಹುಲ್ಲುಹಾಸಿನ ಟೆನಿಸ್‌ಗೆ ಪೇಟೆಂಟ್ ಪಡೆದರು; 1877ರಲ್ಲಿ ಮೊದಲ ವಿಂಬಲ್ಡನ್ ನಡೆಯಿತು. ಆಟದ ತಿರುಳು ಅಂದಿನಿಂದಲೂ ಅದೇ: ಬಂದ ಚೆಂಡು ಎರಡನೇ ಸಲ ಪುಟಿಯುವ ಮೊದಲು ಅದನ್ನು ನೆಟ್ ದಾಟಿಸಿ ಎದುರಿನವರ ಗೆರೆಯೊಳಗೆ ಬೀಳಿಸಬೇಕು. ತಿರುಳು ಬದಲಾಗದಿದ್ದರೂ ಚೆಂಡಿನ ವೇಗ, ಅಂಕಣದ ಅಳತೆ, ಆಡುವವರ ಸಂಖ್ಯೆ ಇವನ್ನೆಲ್ಲ ವಯಸ್ಸಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆದ್ದರಿಂದಲೇ ಒಮ್ಮೆ ಕಲಿತವರು ಜೀವನಪೂರ್ತಿ ಇದನ್ನು ಆಡುತ್ತಿರಬಲ್ಲರು.

ಪೂರ್ಣ ಅಳತೆಯ ಅಂಕಣ 23.77 ಮೀಟರ್ ಉದ್ದವಿರುತ್ತದೆ. ಪುಟ್ಟ ಮಕ್ಕಳಿಗೆ ಅದು ದೊಡ್ಡದಾಯಿತು. ದೊಡ್ಡವರ ಹಳದಿ ಚೆಂಡು ಅವರ ತಲೆಗಿಂತ ಮೇಲಕ್ಕೆ ಪುಟಿದು ಹೋಗುತ್ತದೆ. ಅದಕ್ಕಾಗಿ ಮೂರು ಬಗೆಯ ನಿಧಾನದ ಚೆಂಡುಗಳಿವೆ. ಕೆಂಪು ಚೆಂಡಿನ ವೇಗ ಮಾಮೂಲಿ ಚೆಂಡಿಗಿಂತ ಸುಮಾರು ಶೇ. 75ರಷ್ಟು ಕಡಿಮೆ. ಕಿತ್ತಳೆ ಬಣ್ಣದ್ದು ಶೇ. 50, ಹಸಿರು ಶೇ. 25ರಷ್ಟು ನಿಧಾನ. ಕೆಂಪು ಚೆಂಡಿಗೆ ಸುಮಾರು 11 ಮೀಟರ್, ಕಿತ್ತಳೆ ಚೆಂಡಿಗೆ 18 ಮೀಟರ್ ಉದ್ದದ ಅಂಕಣ ಸಾಕು. ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದೆಂಬ ನಿಯಮ 2012ರಿಂದ ಜಾರಿಯಲ್ಲಿದೆ. ಇದರಿಂದ ಮಗುವಿಗೆ ಮೊದಲ ದಿನದಿಂದಲೇ ನಾಲ್ಕಾರು ಹೊಡೆತಗಳ ಸರಣಿ ಸಾಧ್ಯವಾಗುತ್ತದೆ, ಆಟದ ರುಚಿ ಹತ್ತುತ್ತದೆ.

ಟೆನಿಸ್‌ನಲ್ಲಿ ದೇಹಕ್ಕೆ ಆಗುವ ವ್ಯಾಯಾಮ ಎಂಥದ್ದೆಂದು ತಿಳಿಯಲು ಒಂದೇ ಒಂದು ಹೊಡೆತವನ್ನು ಗಮನಿಸಿದರೆ ಸಾಕು. ಎದುರಾಳಿಯ ರ‍್ಯಾಕೆಟ್ ಚೆಂಡಿಗೆ ತಾಗುವ ಹೊತ್ತಿಗೆ ಈ ಬದಿಯ ಆಟಗಾರರು ಎರಡೂ ಪಾದಗಳನ್ನು ತುಸುವೇ ನೆಲದಿಂದ ಎತ್ತಿ ಮುಂಗಾಲಿನ ಮೇಲೆ ಇಳಿಯುತ್ತಾರೆ. ಮೊಣಕಾಲು ಬಾಗಿರುತ್ತದೆ, ಹಿಮ್ಮಡಿ ನೆಲಕ್ಕೆ ಒತ್ತಿರುವುದಿಲ್ಲ. ಚೆಂಡು ಯಾವ ಕಡೆಗೆ ಬಂದರೂ ದೇಹ ಹೊರಡಲು ಸಿದ್ಧ. ಆಮೇಲೆ ಮೂರು ನಾಲ್ಕು ಚುರುಕಾದ ಹೆಜ್ಜೆ, ಭುಜದ ತಿರುವು, ಸೊಂಟದಿಂದ ಹೊರಟು ತೋಳಿನ ಮೂಲಕ ಚೆಂಡಿಗೆ ಸೇರುವ ಬಲ. ಕಣ್ಣು ಚೆಂಡಿನ ದಾರಿಯನ್ನು ಅಳೆಯುತ್ತದೆ, ಮಿದುಳು ಎಲ್ಲಿಗೆ ಹೊಡೆಯಬೇಕೆಂದು ತೀರ್ಮಾನಿಸುತ್ತದೆ. ಇವೆಲ್ಲ ಮುಗಿಯಲು ಒಂದೆರಡು ಸೆಕೆಂಡು ಸಾಕು. ಒಂದು ಪಾಯಿಂಟ್ ಮುಗಿದ ಮೇಲೆ ಉಸಿರು ಹದಕ್ಕೆ ಬರಲು ಒಂದಷ್ಟು ಬಿಡುವು ಸಿಗುತ್ತದೆ. ಹೀಗೆ ಚುರುಕು ಓಟ, ಬಿಡುವು, ಮತ್ತೆ ಓಟ ಎಂದು ಸಾಗುವ ಆಟ ಹೃದಯಕ್ಕೆ ಒಳ್ಳೆಯ ಕಸರತ್ತು. ಮೂಳೆಗೂ ಲಾಭವಿದೆ: ವರ್ಷಗಟ್ಟಲೆ ಆಡಿದವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ಗಟ್ಟಿಯಾಗಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎಳವೆಯಲ್ಲೇ ಆಟಕ್ಕಿಳಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸುಮಾರು 8,500 ಮಂದಿಯ ಆರೋಗ್ಯವನ್ನು 25 ವರ್ಷಗಳವರೆಗೆ ಗಮನಿಸಿದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವ್ಯಾಯಾಮವಿಲ್ಲದೆ ಕುಳಿತೇ ಇರುವವರಿಗೆ ಹೋಲಿಸಿದರೆ ಟೆನಿಸ್ ಆಡುವವರ ಆಯುಸ್ಸು ಸರಾಸರಿ 9.7 ವರ್ಷ ಹೆಚ್ಚು ಎಂದು ಅದು ಲೆಕ್ಕ ಹಾಕಿತು. ಬ್ಯಾಡ್ಮಿಂಟನ್‌ಗೆ ಈ ಅಂತರ 6.2 ವರ್ಷ, ಫುಟ್‌ಬಾಲ್‌ಗೆ 4.7, ಸೈಕಲ್ ಸವಾರಿಗೆ 3.7, ಈಜಿಗೆ 3.4, ಜಾಗಿಂಗ್‌ಗೆ 3.2. ಟೆನಿಸ್ ಆಡುವವರು ಮೊದಲೇ ಅನುಕೂಲಸ್ಥರೂ ಆರೋಗ್ಯವಂತರೂ ಆಗಿರಬಹುದಾದ್ದರಿಂದ ಈ ಅಂತರವೆಲ್ಲ ಆಟದ ಫಲವೇ ಎನ್ನಲಾಗದು. ಆದರೂ ಪಟ್ಟಿಯ ಮೇಲ್ತುದಿಯಲ್ಲಿರುವ ಮೂರೂ ಜೊತೆಗಾರರಿಲ್ಲದೆ ಆಡಲಾಗದ ಆಟಗಳು. ಒಡನಾಟದಿಂದ ಸಿಗುವ ಸಂತೋಷವೂ ಆರೋಗ್ಯಕ್ಕೆ ನೆರವಾಗುತ್ತಿರಬಹುದು ಎಂಬುದು ಸಂಶೋಧಕರ ಊಹೆ. ಬೆಳಿಗ್ಗೆ ಕಾಯುವ ಗೆಳೆಯರಿದ್ದರೆ ಹಾಸಿಗೆ ಬಿಟ್ಟೇಳಲು ಬೇರೆ ಕಾರಣ ಬೇಕಿಲ್ಲ.

ನಲವತ್ತು ದಾಟಿದ ಮೇಲೆ ಅನೇಕರು ಡಬಲ್ಸ್ ಕಡೆಗೆ ಹೊರಳುತ್ತಾರೆ. ಅಂಕಣದ ಅಗಲ 8.23ರಿಂದ 10.97 ಮೀಟರ್‌ಗೆ ಹಿಗ್ಗಿದರೂ ಅದನ್ನು ಇಬ್ಬರು ಹಂಚಿಕೊಳ್ಳುವುದರಿಂದ ಓಟ ಕಡಿಮೆ. ಕಾಲಿನ ವೇಗಕ್ಕಿಂತ ಕೈಚಳಕ ಮತ್ತು ಮುಂದಾಲೋಚನೆ ಕೆಲಸಕ್ಕೆ ಬರುತ್ತವೆ. ಕೊಡಗಿನ ರೋಹನ್ ಬೋಪಣ್ಣ ಇದಕ್ಕೆ ಉಜ್ವಲ ನಿದರ್ಶನ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಮೊದಲ ಬಾರಿಗೆ ಡಬಲ್ಸ್ ಅಗ್ರ ಶ್ರೇಯಾಂಕಕ್ಕೇರಿದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೂ ಆಗಲೇ ಅವರದಾಯಿತು. ಸವೆದ ಮೊಣಕಾಲಿನ ನೋವಿನ ನಡುವೆಯೂ ಆಟ ಮುಂದುವರಿಸಲು ಅಯ್ಯಂಗಾರ್ ಯೋಗ ನೆರವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಹಿರಿಯರಿಗಾಗಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ವಯೋಮಾನದ ಪ್ರಕಾರ ಸ್ಪರ್ಧೆಗಳನ್ನು ನಡೆಸುತ್ತದೆ. ಅವುಗಳಲ್ಲಿ 90 ವರ್ಷ ಮೀರಿದವರ ವಿಭಾಗವೂ ಇದೆ. ಉಕ್ರೇನಿನ ಖಾರ್ಕಿವ್ ನಗರದ ಲಿಯೊನಿಡ್ ಸ್ಟಾನಿಸ್ಲಾವ್‌ಸ್ಕಿ ಮೂವತ್ತರ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದವರು. 2021ರಲ್ಲಿ, 97ರ ಹರೆಯದಲ್ಲಿ, ಅವರು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಹಿರಿಯರ ವಿಶ್ವ ಸ್ಪರ್ಧೆಗೆ ಇಳಿದರು. ಅಲ್ಲೇ ರಫೆಲ್ ನಡಾಲ್ ಜೊತೆಗೂ ಆಡಿದರು. ಗಾಲಿಕುರ್ಚಿಯಲ್ಲಿ ಆಡುವವರಿಗೂ ಟೆನಿಸ್‌ನಲ್ಲಿ ಎಡೆಯಿದೆ: ಅವರಿಗೆ ಚೆಂಡು ಎರಡು ಸಲ ಪುಟಿಯುವವರೆಗೆ ಅವಕಾಶವಿದೆ. ಉಳಿದ ನಿಯಮಗಳು ಬಹುತೇಕ ಒಂದೇ ಆಗಿರುವುದರಿಂದ ನಿಂತು ಆಡುವವರೂ ಗಾಲಿಕುರ್ಚಿಯವರೂ ಒಂದೇ ಅಂಕಣದಲ್ಲಿ ಕೂಡಿ ಆಡಬಹುದು.

ಇಷ್ಟು ಕಾಲ ಆಡಬೇಕೆಂದರೆ ದೇಹದ ಜೋಪಾನ ಮುಖ್ಯ. ಆಟಕ್ಕೆ ಮುನ್ನ ಹತ್ತು ನಿಮಿಷ ನಡೆದು, ಭುಜ ಮತ್ತು ಸೊಂಟ ಸಡಿಲಿಸಿಕೊಳ್ಳಬೇಕು. ಪಕ್ಕಕ್ಕೆ ಜರುಗಿದಾಗ ಪಾದ ಹೊರಳದಂತೆ ಟೆನಿಸ್‌ಗೆಂದೇ ಮಾಡಿದ ಶೂ ತೊಡಬೇಕು. ಮೊಣಕೈ ಹೊರಬದಿಯಲ್ಲಿ ನೋವು ಕಾಣಿಸಿಕೊಂಡರೆ ಆಟ ನಿಲ್ಲಿಸಿ ವಿಶ್ರಾಂತಿ ಕೊಡಬೇಕು. ಹಿಡಿಯ ಗಾತ್ರ ಸರಿಪಡಿಸಿಕೊಂಡು ತಂತಿಗಳ ಬಿಗಿತ ತಗ್ಗಿಸಿದರೆ ಕೈಗೆ ಆರಾಮ. ಹೃದ್ರೋಗ ಅಥವಾ ಕೀಲುನೋವು ಇರುವವರು, ಬಹುಕಾಲ ವ್ಯಾಯಾಮ ಬಿಟ್ಟವರು ವೈದ್ಯರನ್ನು ಕಂಡೇ ಅಂಕಣಕ್ಕೆ ಇಳಿಯಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಸ್ನಾಯುಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಳುವ ಅಪಾಯ ಇದರಿಂದ ತಗ್ಗುತ್ತದೆ. ನಿಧಾನದ ಚೆಂಡು, ಚಿಕ್ಕ ಅಂಕಣ, ಹಿತವಾದ ಜೊತೆ ಇದ್ದರೆ ಅರವತ್ತರಲ್ಲಿ ಮೊದಲ ಬಾರಿಗೆ ರ‍್ಯಾಕೆಟ್ ಹಿಡಿದವರೂ ಕೆಲವೇ ವಾರಗಳಲ್ಲಿ ಈ ಆಟದ ಸುಖ ಸವಿಯಬಹುದು.